ದೂರಶಿಕ್ಷಣದ ಪಠ್ಯಕ್ರಮವೂ ಅಧಿಕಾರಿವಿಚಾರವೂ

ಶಾಸ್ತ್ರಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುವುದು ಪ್ರಾಚೀನರ ಪದ್ಧತಿ. ಸದಾನಂದನ ವೇದಾಂತಸಾರದಲ್ಲಿ ಅಧಿಕಾರಿಗೇ ಮೊದಲ ಸ್ಥಾನವಿರುವುದು. ಓದತಕ್ಕವನಾರೆಂದು ನಿಶ್ಚಯವಾಗದೆ ಓದಿಸತಕ್ಕುದೇನೆಂದು ನಿಶ್ಚಯವಾಗದೆಂಬುದೇ ಇದರ ಇಂಗಿತ. ದೂರಶಿಕ್ಷಣದ ಪಠ್ಯಕ್ರಮವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ವ್ಯವಸ್ಥೆಯನ್ನು ಏರ್ಪಡಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಠ್ಯಕ್ರಮ ರಚಿಸುವವರಲ್ಲಿ ಮೂರು ಪಕ್ಷಗಳುಂಟು. ವಿಷಯವನ್ನು ಮುಂದಿಟ್ಟು ಅದನ್ನು ಘಟಕಗಳಾಗಿ ವಿಭಾಗಿಸುವುದೊಂದು. 1949ರಲ್ಲಿ ಅಮೆರಿಕದ ರಾಲ್ಫ್ ಟೈಲರರು ಪ್ರತಿಪಾದಿಸಿದಂತೆ ಉದ್ದೇಶವನ್ನು ಮೊದಲು ಗೊತ್ತುಮಾಡುವುದು ಇನ್ನೊಂದು. ಕಲಿಯುವವನ ಸ್ಥಿತಿಯಿಂದ ಹೊರಡುವುದು ಮೂರನೆಯದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2020ರ ನಿಯಮಗಳು ಪ್ರತಿಯೊಂದು ಶಿಕ್ಷಣಕ್ರಮಕ್ಕೂ ಯೋಜನಾವರದಿಯನ್ನು ಕೇಳುತ್ತವೆ. ಅದರಲ್ಲಿ ಧ್ಯೇಯೋದ್ದೇಶಗಳು ಮೊದಲು ಬರುತ್ತವೆ. ಕಲಿಯುವವರ ಸ್ವರೂಪವು ಆಮೇಲೆ ಬರುತ್ತದೆ. ಅಧಿಕಾರಿಯನ್ನು ಮರೆತಿಲ್ಲವೆಂಬುದು ಶ್ಲಾಘ್ಯ. ಆದರೆ ಗುರಿಯನ್ನು ಬರೆದಾದ ಮೇಲೆ ಅದಕ್ಕೊಪ್ಪುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಲು ಈ ಕ್ರಮವು ಎಡೆಗೊಡುವುದು.

ಇಲ್ಲಿ ಆಕ್ಷೇಪವೊಂದುಂಟು. ಪದವಿಯು ಸಮಾನವಾದುದರಿಂದ ಪಾಠವೂ ಸಮಾನವಾಗಿರಬೇಕು. ಓದುಗನಿಗೆ ತಕ್ಕಂತೆ ಬದಲಿಸಿದರೆ ದೂರಶಿಕ್ಷಣದ ಪದವಿಯನ್ನು ಜನರು ಕೀಳೆಂದೆಣಿಸುವರು ಎಂಬುದು. ಆಕ್ಷೇಪವು ಲಘುವಲ್ಲ. ಆದರೆ ಪ್ರಮೇಯವು ಒಂದೇ ಆಗಿದ್ದರೂ ಪ್ರಕ್ರಿಯೆಯು ಭಿನ್ನವಾಗಬಹುದು. ಮನೆಯಲ್ಲಿ ತುಳುವನ್ನಾಡುತ್ತ, ಬೀಡಿ ಕಟ್ಟಿ ಉಳಿದ ಹೊತ್ತಿನಲ್ಲಿ ಪುಸ್ತಕ ಹಿಡಿಯುವ ಬಂಟ್ವಾಳದ ಗೃಹಿಣಿಗೂ, ಘಟ್ಟದ ಬುಡದಲ್ಲಿ ಅಡಕೆಯ ತೋಟ ನೋಡಿಕೊಳ್ಳುವ ಬೆಳ್ತಂಗಡಿಯ ತರುಣನಿಗೂ ಅರ್ಥಶಾಸ್ತ್ರದ ಸಿದ್ಧಾಂತ ಒಂದೇ. ಉದಾಹರಣೆ, ಪಾಠದ ಉದ್ದ, ಪುನರಾವೃತ್ತಿಗಳು ಮಾತ್ರ ಒಂದೇ ಆಗಲಾರವು. ಎದುರಿಗಿರುವ ಗುರುವು ಶಿಷ್ಯನ ಮುಖ ನೋಡಿ ಮಾತನ್ನು ತಿದ್ದಿಕೊಳ್ಳುವನು. ಅಚ್ಚಾದ ಪಾಠಕ್ಕೆ ಆ ಸೌಕರ್ಯವಿಲ್ಲ.

ಮೂಡುಬಿದಿರೆಯ ಧವಲಾಗ್ರಂಥವೇ ಇದಕ್ಕೆ ನಿದರ್ಶನ. ವೀರಸೇನಾಚಾರ್ಯರ ಆ ಟೀಕೆಯ ತಾಳೆಯೋಲೆಗಳು ಅಲ್ಲಿ ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದುವು; ದರ್ಶನ ಮಾಡಿದವರು ಬಹುಮಂದಿ, ಓದಿದವರು ವಿರಳ. 1939ರಿಂದ ಹೀರಾಲಾಲ ಜೈನರು ಅದನ್ನು ಸಂಪಾದಿಸಿ ಪ್ರಕಟಿಸಿದಾಗ ಮೂಲದೊಡನೆ ಹಿಂದೀ ಅನುವಾದವನ್ನೂ ಪ್ರಸ್ತಾವನೆಯನ್ನೂ ಸೇರಿಸಿದರು. ಮೂಲಕ್ಕೆ ಕುಂದುಂಟಾಗಲಿಲ್ಲ, ದೂರದ ಓದುಗನಿಗೆ ಪ್ರವೇಶ ದೊರೆಯಿತು. ರಕ್ಷಣೆಯೂ ಮುದ್ರಣವೂ ತಾವಾಗಿಯೇ ಬೋಧನೆಯಾಗವು.

ಇನ್ನುಳಿದುದು ಸಂಬಂಧ. ಮನೆಪಾಠದ ಉತ್ತರಪತ್ರಿಕೆಗೆ ಅಂಕ ಹಾಕಿ ಮುಗಿಸಿದರೆ ಅದು ಗಣನೆ ಮಾತ್ರ. ತಪ್ಪಿನ ಕಾರಣವನ್ನು ಬರೆದು ಹಿಂದಿರುಗಿಸಿದರೆ ಅದೇ ಗುರುಶಿಷ್ಯಸಂವಾದ. ಬಹುಮಂದಿ ಒಂದೇ ಎಡೆಯಲ್ಲಿ ಎಡವಿದರೆ ದೋಷವು ಪಾಠದಲ್ಲಿದೆಯೆಂದು ತಿಳಿದು ಮುಂದಿನ ಮುದ್ರಣದಲ್ಲಿ ಅದನ್ನು ತಿದ್ದತಕ್ಕುದು. ಆದುದರಿಂದ ಘಟಕವೊಂದನ್ನು ಅಚ್ಚಿಗೆ ಕೊಡುವುದಕ್ಕೆ ಮೊದಲು ಮೇಲೆ ಹೇಳಿದಂತಹ ಕೆಲವರಿಂದ ಓದಿಸಿ ನೋಡುವುದು ಆವಶ್ಯಕ. ವಿಷಯಜ್ಞರ ಒಪ್ಪಿಗೆಯೊಂದೇ ಸಾಲದು. ಅಧಿಕಾರಿಗೆ ಅರ್ಥವಾಗದ ಗ್ರಂಥವು ಎಷ್ಟು ಶುದ್ಧವಾಗಿದ್ದರೂ ಪಠ್ಯವೆನಿಸದು.