ಗೋಡೆ ಮೇಲಿನ ಗುಂಡು ಡಬ್ಬಿ

ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮ ಐಟಿ ಮಂದಿ ಮೊದಲ ಚಳಿಗಾಲಕ್ಕೇ ಮಾಡುವ ಕೆಲಸ ಒಂದಿದೆ: ಹಳೇ ಥರ್ಮೋಸ್ಟಾಟ್ ಕಿತ್ತು 'ಸ್ಮಾರ್ಟ್' ಆದದ್ದನ್ನು ಹಾಕಿಸೋದು. ಆಫೀಸು ಬಿಡುವಾಗಲೇ ಫೋನಲ್ಲಿ ಮನೆ ಬೆಚ್ಚಗೆ ಮಾಡ್ಕೋಬಹುದು. ಒಳ್ಳೇದೇ.

ಆದ್ರೆ ಈ ಡಬ್ಬಿಯ ಕೆಲಸ ಏನು? ರೂಮು ತಣ್ಣಗಾದರೆ ಬಾಯ್ಲರ್‌ಗೆ 'ಉರಿ' ಅನ್ನೋದು, ಬೆಚ್ಚಗಾದರೆ 'ಸಾಕು' ಅನ್ನೋದು. ನಮ್ಮೂರ ಬಚ್ಚಲಲ್ಲಿ ಹಂಡೆ ನೀರು ಕಾದ ಮೇಲೆ ಸೌದೆ ಹಿಂದಕ್ಕೆ ಎಳೀತಿದ್ದ ಅಜ್ಜಿ ಮಾಡ್ತಿದ್ದದ್ದೂ ಇದನ್ನೇ. ಅಮೆರಿಕದ ಹನಿವೆಲ್ 1953ರಲ್ಲಿ ತಂದ ಗುಂಡನೆಯ ಟಿ87, ಹೆನ್ರಿ ಡ್ರೈಫಸ್ ವಿನ್ಯಾಸ. ಒಳಗೆ ಎರಡು ಲೋಹ ಬೆಸೆದ ಸುರುಳಿ, ತುದಿಯಲ್ಲಿ ಪಾದರಸದ ಪುಟ್ಟ ಗಾಜಿನ ಕೊಳವೆ. ಬಿಸಿಗೆ ಸುರುಳಿ ಅಲುಗುತ್ತೆ, ಪಾದರಸ ಜಾರುತ್ತೆ, ಸ್ವಿಚ್ ಆಫ್. ಪಾಸ್‌ವರ್ಡ್ ಇಲ್ಲ.

2011ರ ನೆಸ್ಟ್ ಕೂಡ ಗುಂಡಗೇ ಇತ್ತು. ತಿರುಗಿಸೋ ಉಂಗುರ, ಹಿತವಾದ ಪರದೆ; ಮಾಡಿದವರಿಗೆ ರುಚಿ ಇತ್ತು, ಒಪ್ಪಲೇಬೇಕು. 2014ರಲ್ಲಿ ಗೂಗಲ್ ಆ ಕಂಪನಿಯನ್ನು 3.2 ಬಿಲಿಯನ್ ಡಾಲರ್‌ಗೆ ಕೊಂಡಿತು. 2016ರ ಜನವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಬ್ಯಾಟರಿ ಬರಿದಾಗಿ ಎಷ್ಟೋ ಮನೆ ತಣ್ಣಗಾದವು. 2025ರ ಅಕ್ಟೋಬರ್ 25ಕ್ಕೆ ಮೊದಲೆರಡು ಪೀಳಿಗೆಗೆ, ಯುರೋಪಿನ 2014ರ ಮಾಡೆಲ್ಲೂ ಸೇರಿ, ಬೆಂಬಲ ನಿಂತಿತು. ಕೈಯಲ್ಲಿ ತಿರುಗಿಸಿದರೆ ಈಗಲೂ ನಡೆಯುತ್ತೆ, ಸುಳ್ಳು ಹೇಳಬಾರದು. ಫೋನಿಗೆ ಮಾತ್ರ ಸಿಗೋಲ್ಲ. ಯಾವುದಕ್ಕೆ ಅಂತ ದುಡ್ಡು ಕೊಟ್ಟಿದ್ರೋ ಅದೇ ಹೋಯ್ತು.

ಹಳೇ ಎಪಿಐ ಮುಚ್ಚೋದು ನಮ್ಮಂಥೋರಿಗೆ ಒಂದು ಟಿಕೆಟ್, ಒಂದು ಮೇಲ್. ಬಳಸೋರು ಕಮ್ಮಿ ಅಂತ ಚಾರ್ಟ್ ತೋರಿಸ್ತೀವಿ, ಮೀಟಿಂಗ್ ಮುಗಿಯುತ್ತೆ. ಆ ಲೆಕ್ಕವನ್ನ ಚಳಿದೇಶದ ಮನೆಯೊಳಕ್ಕೆ ತರಬಾರದಿತ್ತು.

ಗ್ಯಾಸ್ ಉಳಿಯುತ್ತಲ್ಲ ಅಂತೀರಾ? ಈಗಿನ ಕಂಡೆನ್ಸಿಂಗ್ ಬಾಯ್ಲರ್, ರೇಡಿಯೇಟರ್‌ಗಳಿಂದ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿರೋ ಶಾಖವನ್ನೂ ಸರಿಯಾಗಿ ಹೀರಿಕೊಳ್ಳುತ್ತೆ. ಎಷ್ಟೋ ಮನೆಯಲ್ಲಿ ಅದು ನೀರನ್ನ 75, 80ಕ್ಕೆ ಕಾಯಿಸಿ ಕಳಿಸ್ತಿರುತ್ತೆ. ಕಾಂಬಿ ಬಾಯ್ಲರ್ ಆದ್ರೆ ಅದರ ಮೈಮೇಲಿನ ಗುಂಡಿಯಲ್ಲೇ 60ಕ್ಕೆ ಇಳಿಸಬಹುದು, ಖರ್ಚು ಸೊನ್ನೆ. (ಬಿಸಿನೀರಿನ ಟ್ಯಾಂಕ್ ಇರೋ ಮನೆಯಲ್ಲಿ ಹೀಗೆ ಮಾಡಬೇಡಿ, ಬ್ಯಾಕ್ಟೀರಿಯಾ ಸಾಯೋಕೆ ಅಲ್ಲಿ ಹೆಚ್ಚು ಬಿಸಿ ಬೇಕು.)

ಆಮೇಲೂ ಹೊಸದೇ ಬೇಕು ಅಂದ್ರೆ ಅಂಗಡಿಯಲ್ಲಿ ಎರಡು ಮಾತು ಕೇಳಿ. ಓಪನ್‌ಥರ್ಮ್ ಇದೆಯಾ, ಅಂದ್ರೆ ಬರೀ ಆನ್-ಆಫ್ ಅಲ್ಲದೆ ಎಷ್ಟು ಉರೀಬೇಕು ಅಂತಲೂ ಬಾಯ್ಲರ್‌ಗೆ ಹೇಳುತ್ತಾ? ವೈಫೈ ಹೋದರೂ ಟೈಮ್‌ಟೇಬಲ್ ನಡೆಯುತ್ತಾ? ಎರಡನೇದಕ್ಕೆ ಸೇಲ್ಸ್‌ನೋರು ತಡವರಿಸಿದರೆ ಡಬ್ಬಿ ಅಲ್ಲೇ ಇರಲಿ.