ಸುವಾದಲ್ಲಿ ಬೀಳಬೇಕಿದ್ದ ಸಹಿ

ಅಂತರರಾಷ್ಟ್ರೀಯ ಒಪ್ಪಂದವೊಂದನ್ನು ವಿಮರ್ಶೆಗೆ ಎತ್ತಿಕೊಂಡರೆ ನೀವು ಹುಬ್ಬೇರಿಸಬಹುದು. ಅದರಲ್ಲಿ ಕಥೆಯಿಲ್ಲ, ಕಾವ್ಯವಿಲ್ಲ. ಇರುವುದು ಬರೀ ಕಲಮು, ಉಪಕಲಮುಗಳು. ಆದರೂ ಮಾನವ ಹಕ್ಕು, ಪ್ರಜಾಪ್ರಭುತ್ವ, ಸಹಭಾಗಿತ್ವ ಎಂಬ ಮಾತುಗಳನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಬಳಸುವ ನಾವು, ಅವೇ ಮಾತುಗಳು ಕಾನೂನಿನ ಬಲ ಪಡೆದಾಗ ಏನಾಗುತ್ತವೆ ಎಂಬುದನ್ನು ಒಮ್ಮೆಯಾದರೂ ನೋಡಬೇಕು.

2000ದ ಜೂನ್ 23ರಂದು ಪಶ್ಚಿಮ ಆಫ್ರಿಕದ ಬೆನಿನ್ ದೇಶದ ಕೊಟೊನು ನಗರದಲ್ಲಿ, ಯುರೋಪಿಯನ್ ಒಕ್ಕೂಟದ ಅಂದಿನ 15 ರಾಷ್ಟ್ರಗಳೂ ಆಫ್ರಿಕ, ಕೆರಿಬಿಯನ್ ಮತ್ತು ಪೆಸಿಫಿಕ್ ಪ್ರದೇಶಗಳ 77 ರಾಷ್ಟ್ರಗಳೂ ಸೇರಿ ಸಹಭಾಗಿತ್ವದ ಒಪ್ಪಂದವೊಂದನ್ನು ಮಾಡಿಕೊಂಡವು. 1975ರಲ್ಲಿ ಆರಂಭವಾಗಿದ್ದ ಲೊಮೆ ಒಪ್ಪಂದಗಳ ಸ್ಥಾನವನ್ನು ಇದು ತುಂಬಿತು. ಇದರ ಒಂಬತ್ತನೆಯ ಕಲಮು ಮಾನವ ಹಕ್ಕುಗಳ ಗೌರವ, ಪ್ರಜಾಪ್ರಭುತ್ವದ ತತ್ತ್ವಗಳು ಮತ್ತು ಕಾನೂನಿನ ಆಡಳಿತ ಇವನ್ನು ಸಹಭಾಗಿತ್ವದ ಅತ್ಯಗತ್ಯ ಅಂಶಗಳೆಂದು ಸಾರುತ್ತದೆ. ಅವುಗಳಿಗೆ ಭಂಗ ಬಂದರೆ ಮೊದಲು ಸಮಾಲೋಚನೆ, ಅದು ಫಲಿಸದಿದ್ದರೆ ಸೂಕ್ತ ಕ್ರಮ ಎನ್ನುತ್ತದೆ 96ನೆಯ ಕಲಮು. ಪಠ್ಯವಾಗಿ ಓದಿದರೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ದೇವರ ಪ್ರತಿರೂಪದಲ್ಲಿ ಮಾನವನ ಸೃಷ್ಟಿಯಾಯಿತೆಂದು ನಂಬುವವರು ಇದನ್ನು ಸ್ವಾಗತಿಸಲೇಬೇಕು.

ಆದರೆ ಸಹಿ ಬೀಳಬೇಕಿದ್ದುದು ಕೊಟೊನುವಿನಲ್ಲಲ್ಲ, ಫಿಜಿಯ ರಾಜಧಾನಿ ಸುವಾದಲ್ಲಿ. ಮೇ 19ರಂದು ಬಂದೂಕುಧಾರಿಗಳು ಅಲ್ಲಿನ ಸಂಸತ್ತಿಗೆ ನುಗ್ಗಿ, ಹಿಂದಿನ ವರ್ಷವಷ್ಟೇ ಚುನಾಯಿತರಾಗಿದ್ದ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿಯವರನ್ನು ಒತ್ತೆಯಾಳಾಗಿರಿಸಿಕೊಂಡರು. ಸಮಾರಂಭ ಬೇರೆ ಖಂಡಕ್ಕೆ ಸ್ಥಳಾಂತರವಾಯಿತು. ಕೊಟೊನುವಿನಲ್ಲಿ ಪ್ರಜಾಪ್ರಭುತ್ವದ ಕಲಮಿಗೆ ಸಹಿ ಬೀಳುತ್ತಿದ್ದ ದಿನ ಆ ಪ್ರಧಾನಿ ಇನ್ನೂ ಸೆರೆಯಲ್ಲೇ ಇದ್ದರು. ಅವರ ಬಿಡುಗಡೆಯಾದದ್ದು 56 ದಿನಗಳ ಬಳಿಕ. ಹೀಗಾಗಿ ಈ ಒಪ್ಪಂದವನ್ನು ಅಳೆಯಲು ಫಿಜಿಗಿಂತ ತಕ್ಕ ಸ್ಥಳ ಬೇರೆಯಿಲ್ಲ.

ಫಿಜಿಯ ಕಬ್ಬಿನ ಗದ್ದೆಗಳ ಹಿನ್ನೆಲೆ ನಿಮಗೆ ತಿಳಿದಿರಬಹುದು. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರು ಕೂಲಿಗಳಾಗಿ ಹಡಗು ಹತ್ತಿಸಲಾಯಿತು. ಮೊದಲು ಕಲ್ಕತ್ತದಿಂದ, 1903ರ ನಂತರ ಮದರಾಸಿನಿಂದಲೂ. 'ಅಗ್ರಿಮೆಂಟ್' ಎಂಬ ಪದವೇ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಹೆಬ್ಬೆಟ್ಟೊತ್ತಿದವರ ಒಪ್ಪಿಗೆಯಿತ್ತು, ಆದರೆ ಅದನ್ನು ನ್ಯಾಯವೆನ್ನಲಾದೀತೇ? ಅವರ ಮೊಮ್ಮಕ್ಕಳು, ಮರಿಮಕ್ಕಳು ಹೆಚ್ಚಾಗಿ ಗೇಣಿ ಭೂಮಿಯಲ್ಲಿ ಕಬ್ಬು ಬೆಳೆಯುತ್ತ ಬಂದರು. 1975ರ ಸಕ್ಕರೆ ಪ್ರೋಟೋಕಾಲ್ ಪ್ರಕಾರ ಯುರೋಪ್ ನಿಗದಿತ ಪ್ರಮಾಣದ ಸಕ್ಕರೆಯನ್ನು ಖಾತರಿ ಬೆಲೆಗೆ ಕೊಳ್ಳುತ್ತಿತ್ತು. ಆ ವ್ಯವಸ್ಥೆಗೆ ಕಾಲಮಿತಿ ಇರಲಿಲ್ಲ.

ಯುರೋಪ್ ತನ್ನ ಸಕ್ಕರೆ ರಫ್ತಿಗೆ ನೀಡುತ್ತಿದ್ದ ಸಹಾಯಧನದ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯ, ಥಾಯ್ಲೆಂಡ್ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ದಾವೆ ಹೂಡಿ 2005ರಲ್ಲಿ ಗೆದ್ದವು. ಆ ಒತ್ತಡವೂ ಸೇರಿ, ಯುರೋಪ್ 2006ರಲ್ಲಿ ತನ್ನ ಸಕ್ಕರೆ ಬೆಲೆಯನ್ನು ನಾಲ್ಕು ವರ್ಷಗಳಲ್ಲಿ ಶೇಕಡ 36ರಷ್ಟು ಇಳಿಸಲು ನಿರ್ಧರಿಸಿತು. ಪ್ರೋಟೋಕಾಲಿನ ದೇಶಗಳು ಈ ಪೆಟ್ಟನ್ನು ತಡೆದುಕೊಳ್ಳಲೆಂದು ಹೊಂದಾಣಿಕೆಯ ನೆರವನ್ನೂ ಘೋಷಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಫಿಜಿಯ ಸೇನಾಧಿಪತಿ ಬೈನಿಮರಾಮ ಚುನಾಯಿತ ಸರ್ಕಾರವನ್ನು ಉರುಳಿಸಿದರು. 96ನೆಯ ಕಲಮು ಜಾರಿಗೆ ಬಂತು. 2007ರ ಸಕ್ಕರೆ ನೆರವು ಸೊನ್ನೆಯಾಯಿತು. ಮುಂದಿನ ನೆರವು ಪ್ರಜಾಪ್ರಭುತ್ವದ ಮರಳುವಿಕೆಗೆ ಗಂಟುಬಿತ್ತು. ಅದೇ ಸೆಪ್ಟೆಂಬರಿನಲ್ಲಿ ಯುರೋಪ್ ಸಕ್ಕರೆ ಪ್ರೋಟೋಕಾಲನ್ನೇ ಕೊನೆಗೊಳಿಸುವ ನೋಟಿಸನ್ನು ನೀಡಿತು. ಅದು 2009ರಲ್ಲಿ ಜಾರಿಯಾಯಿತು.

ಹಾಗಾದರೆ ಸೇನಾಡಳಿತದ ಬೊಕ್ಕಸಕ್ಕೆ ಹಣ ತುಂಬಬೇಕಿತ್ತೇ ಎಂದು ನೀವು ಕೇಳುತ್ತೀರಿ. ಖಂಡಿತ ಬೇಡ. 2009ರ ಏಪ್ರಿಲ್ 10ರಂದು, ಶುಭ ಶುಕ್ರವಾರದ ದಿನವೇ, ಆ ದೇಶದ ಸಂವಿಧಾನವನ್ನು ರದ್ದುಪಡಿಸಲಾಯಿತು; ನ್ಯಾಯಾಧೀಶರನ್ನು ಮನೆಗೆ ಕಳುಹಿಸಲಾಯಿತು. ಅಂಥ ಆಡಳಿತದ ಬೆನ್ನು ತಟ್ಟುವುದು ಪಾಪ. ನನ್ನ ಆಕ್ಷೇಪ ಬೇರೆ. ಕೊಡುಗೆಯನ್ನು ತಡೆಹಿಡಿಯುವುದು ಒಂದು, ತಾನೇ ಇಳಿಸಿದ ಬೆಲೆಗೆ ಪರಿಹಾರವಾಗಿ ಸಲ್ಲಬೇಕಾದುದನ್ನು ತಡೆಹಿಡಿಯುವುದು ಇನ್ನೊಂದು. ಮೊದಲನೆಯದು ದಾನಿಯ ವಿವೇಚನೆ. ಎರಡನೆಯದು, ನ್ಯಾಯದ ದೃಷ್ಟಿಯಲ್ಲಿ, ಬಾಕಿ. ಈ ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದಾಗ ದಂಡ ತೆತ್ತವನು ಸೇನಾಧಿಪತಿಯಲ್ಲ, ಅವನಿಗೆ ಮತ ಹಾಕುವ ಅವಕಾಶವೂ ಇಲ್ಲದಿದ್ದ ಕಬ್ಬು ಬೆಳೆಗಾರ. ಕಬ್ಬು ಒಂದು ಮಳೆಗಾಲದ ಬೆಳೆಯಲ್ಲ, ಕೂಳೆ ಬಿಟ್ಟು ವರ್ಷಗಟ್ಟಲೆ ಕಾಯುವ ಬೆಳೆ ಎಂಬುದನ್ನು ಮಂಡ್ಯ, ಬೆಳಗಾವಿ ಕಡೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಂತರದ ವರ್ಷಗಳಲ್ಲಿ ಸರ್ಕಾರವನ್ನು ಬದಿಗಿಟ್ಟು ಬೆಳೆಗಾರರಿಗೆ ನೇರವಾಗಿ ಒಂದಿಷ್ಟು ನೆರವು ಮುಟ್ಟಿಸಲು ಯುರೋಪ್ ಯತ್ನಿಸಿತು. ಅದು ಮೊದಲೇ ಆಗಬಹುದಿತ್ತೆಂಬುದಕ್ಕೆ ಆ ಯತ್ನವೇ ಸಾಕ್ಷಿ.

ಪಠ್ಯದ ಕೊರತೆಯೂ ಇಲ್ಲೇ ಇದೆ. 96ನೆಯ ಕಲಮನ್ನು ಕಾಗದದ ಮೇಲೆ ಇಬ್ಬರೂ ಬಳಸಬಹುದು. ವಾಸ್ತವದಲ್ಲಿ ಅದನ್ನು ಬಳಸಿದ್ದು ಹಣ ಕೊಡುವವರು ಮಾತ್ರ. ಬೆಲೆ ಇಳಿದಾಗ ಬೆಳೆಗಾರನ ಬದುಕುವ ಹಕ್ಕಿಗೆ ಭಂಗವಾಯಿತೆಂದು ಫಿಜಿ ಯಾವ ಕಲಮನ್ನು ಹಿಡಿದು ಯುರೋಪನ್ನು ಸಮಾಲೋಚನೆಗೆ ಕರೆಯಬೇಕಿತ್ತು?

ಸಂತ ಆರನೆಯ ಪೌಲರು 1967ರ 'ಪೊಪ್ಯುಲೋರುಂ ಪ್ರೊಗ್ರೆಸ್ಸಿಯೊ' ವಿಶ್ವಪತ್ರದಲ್ಲಿ ಇದನ್ನು ಮುಂಗಂಡಿದ್ದರು. ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕನ ಕೂಲಿಯ ಬಗ್ಗೆ ಹೇಳಿದ್ದನ್ನು ಅವರು ರಾಷ್ಟ್ರಗಳ ವ್ಯಾಪಾರಕ್ಕೂ ಅನ್ವಯಿಸಿದರು: ಇಬ್ಬರ ನಡುವಿನ ಅಂತರ ವಿಪರೀತವಾಗಿದ್ದರೆ, ಇಬ್ಬರೂ ಒಪ್ಪಿದರೆಂಬ ಮಾತ್ರಕ್ಕೆ ಕರಾರು ನ್ಯಾಯವಾಗುವುದಿಲ್ಲ. ಕೊಟೊನು ಪಠ್ಯವನ್ನು ಈ ಬೆಳಕಿನಲ್ಲಿ ಹಿಡಿದು ನೋಡಿ. 'ಸಹಭಾಗಿ' ಎಂಬ ಪದ ಎಷ್ಟು ಭಾರ ಹೊರಲಾರದೆಂಬುದು ಕಾಣುತ್ತದೆ.

ಷರತ್ತೇ ಇಲ್ಲದ ನೆರವು ಮೇಲೆಂದು ಭಾವಿಸುವವರಿಗೆ ಒಂದು ಮಾತು. ಫಿಜಿಯ ಸಕ್ಕರೆ ಗಿರಣಿಗಳ ನವೀಕರಣಕ್ಕೆ ನಮ್ಮ ಭಾರತವೇ ಎಕ್ಸಿಂ ಬ್ಯಾಂಕಿನ ಮೂಲಕ ಸಾಲ ಕೊಟ್ಟಿತು. ಕೆಲಸ ನಿರೀಕ್ಷೆಯಂತೆ ಆಗಲಿಲ್ಲವೆಂಬ ದೂರು ಅಲ್ಲಿ ಬಹುಕಾಲ ಕೇಳಿಬಂತು. ಅಲ್ಲಿಯೂ ಬೆಳೆಗಾರನನ್ನು ಯಾರೂ ಮೇಜಿಗೆ ಕರೆದಿರಲಿಲ್ಲ.

ಫಿಜಿಯಲ್ಲಿ ಚುನಾವಣೆ ನಡೆದದ್ದು 2014ರ ಸೆಪ್ಟೆಂಬರಿನಲ್ಲಿ. ಯುರೋಪ್ ತನ್ನ ಕ್ರಮಗಳನ್ನು ಆಮೇಲೆ ಹಿಂತೆಗೆಯಿತು. ಕೊಟೊನು ಒಪ್ಪಂದದ ಜಾಗಕ್ಕೆ 2023ರ ನವೆಂಬರ್ 15ರಂದು ಸಮೊವದ ಅಪಿಯ ನಗರದಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಈ ಬಾರಿ ಸಮಾರಂಭ ಪೆಸಿಫಿಕ್ ದ್ವೀಪದಲ್ಲೇ, ಫಿಜಿಯ ನೆರೆಯಲ್ಲೇ ನಡೆಯಿತು. ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವದ ಷರತ್ತು ಅದರಲ್ಲೂ ಇದೆ. ಭಂಗ ಬಂದಾಗ ಕ್ರಮ ಕೈಗೊಳ್ಳುವ ಅವಕಾಶವೂ ಇದೆ. ಆ ಕ್ರಮದಿಂದ ನಷ್ಟವಾಗುವ ಬಡವನ ಬಾಕಿಯನ್ನು ಪ್ರತ್ಯೇಕವಾಗಿ ತೆಗೆದಿರಿಸುವ ವ್ಯವಸ್ಥೆಯನ್ನು ನಮ್ಮ ಧರ್ಮಸಭೆಯ ನ್ಯಾಯ ಮತ್ತು ಶಾಂತಿ ಆಯೋಗಗಳು ಯುರೋಪಿನಲ್ಲೂ ಪೆಸಿಫಿಕ್‌ನಲ್ಲೂ ಈಗಲೇ ಕೇಳಬೇಕು.