ಮನೋಮುಕುರವೂ ದರ್ಪಣಕೋಶಗಳೂ

ಇಟಲಿಯ ಪಾರ್ಮಾ ನಗರದಲ್ಲಿ ರಿಟ್ಸೊಲಾಟಿ ಮೊದಲಾದ ವಿದ್ವಾಂಸರು ಕಪಿಯ ಮಿದುಳಿನಲ್ಲೊಂದು ಸಂಗತಿಯನ್ನು ಕಂಡು 1992ರಲ್ಲಿ ಪ್ರಕಟಿಸಿದರು: ತಾನು ವಸ್ತುವನ್ನು ಹಿಡಿಯುವಾಗ ಕೆರಳುವ ಕೆಲವು ಕೋಶಗಳು ಪರರು ಹಿಡಿಯುವುದನ್ನು ನೋಡಿದಾಗಲೂ ಕೆರಳುವುವು. ಇವಕ್ಕೆ ದರ್ಪಣಕೋಶಗಳೆಂಬ ಹೆಸರು ಬಂದೊಡನೆಯೆ, ಅಭಿನವಗುಪ್ತನ ಮನೋಮುಕುರವು ಇದೇ ಎಂದು ಹಿಗ್ಗಿದವರುಂಟು. ನಾಮಸಾಮ್ಯದಿಂದ ವಸ್ತುಸಾಮ್ಯವು ಸಿದ್ಧಿಸದು. ಕಪಿಗೆ ಕಂಡುದು ಕ್ರಿಯಾಮಾತ್ರ. ಅಲ್ಲಿ ವಿಭಾವವೆಲ್ಲಿ, ಸ್ಥಾಯಿಯೆಲ್ಲಿ? ಸ್ಥಾಯಿಯ ಅನುಕರಣವೇ ರಸವೆಂಬ ಶ್ರೀಶಂಕುಕನ ಪಕ್ಷವನ್ನು ಭಟ್ಟತೌತನು ಎಂದೋ ಖಂಡಿಸಿದ್ದಾನೆ.

ಮನುಷ್ಯರ ವಿಷಯದಲ್ಲಿ 2006ರ ಲಂಡನ್ ಪ್ರಯೋಗವು ವಿಚಾರಾರ್ಹವಾದುದು. ಬ್ಯಾಲೆಯಲ್ಲಿ ಕೆಲವು ಚಲನೆಗಳು ಪುರುಷರವು, ಕೆಲವು ಸ್ತ್ರೀಯರವು; ಒಡನೆ ಕಲಿತವರಿಗೆ ಎರಡೂ ಕಣ್ಣಿಗೆ ಪರಿಚಿತವೇ. ಆದರೂ ನರ್ತಕರ ಮಿದುಳಿನ ಚಲನಭಾಗಗಳು ತಾವು ಮಾಡಿ ಪಳಗಿದವಕ್ಕೇ ಹೆಚ್ಚಾಗಿ ಸ್ಪಂದಿಸಿದುವು. ಲೋಚನದ ಸಹೃದಯನ ಮುಕುರವಾದರೋ ವಿಶದವಾಗುವುದು ಕಾವ್ಯಾನುಶೀಲನದಿಂದ, ಕುಣಿತದಿಂದಲ್ಲ. ಆದಕಾರಣ ಈ ಶೋಧನೆಯು ನಾಟ್ಯಾಚಾರ್ಯನಿಗೆ ಉಪಕರಿಸೀತು. ಎಂದೂ ಗೆಜ್ಜೆ ಕಟ್ಟದ ಪ್ರೇಕ್ಷಕನ ಕಣ್ಣೀರಿಗೆ ಅದು ಕಾರಣವನ್ನು ಹೇಳದು.